ಬಣ್ಣ ಬಿಡಿ, ಆರ್ಕಿಡ್ ಹೂವನ್ನು ಮಗುಚಿ ನೋಡಿ

ಹೂವಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ‘ಇದು ಯಾವ ಆರ್ಕಿಡ್?’ ಎಂದು ಕೇಳುವ ಬೆಳೆಗಾರರು ಮುಂಭಾಗವನ್ನಷ್ಟೇ ತೆಗೆದಿರುತ್ತಾರೆ. ಗುರುತು ಹಿಡಿಯಲು ಬೇಕಾದ್ದು ಹೆಚ್ಚಾಗಿ ಹಿಂಭಾಗದಲ್ಲಿರುತ್ತದೆ.

ಆರ್ಕಿಡ್‌ಗೆ ಆರು ಎಸಳು: ಹೊರಗೆ ಮೂರು, ಒಳಗೆ ಮೂರು. ಒಳಗಿನ ಮೂರರಲ್ಲಿ ಒಂದು ರೂಪ ಬದಲಿಸಿ ದುಂಬಿ ಕೂರುವ ‘ತುಟಿ’ಯಾಗಿದೆ. ಗಂಡು, ಹೆಣ್ಣು ಭಾಗಗಳು ಬೆಸೆದು ನಡುವೆ ಒಂದೇ ಕಂಬವಾಗಿ ನಿಂತಿರುತ್ತವೆ. ಇಷ್ಟು ಬಹುಪಾಲು ಎಲ್ಲದರಲ್ಲೂ ಇರುವುದೇ. ವ್ಯತ್ಯಾಸ ಇರುವುದು ತುಟಿಯಲ್ಲಿ, ಅದರ ಬುಡದಲ್ಲಿ, ಕಂಬದ ತುದಿಯಲ್ಲಿ.

ಫೆಲನೊಪ್ಸಿಸ್ ಮತ್ತು ಅದನ್ನೇ ಹೋಲುವ ಡೆಂಡ್ರೋಬಿಯಂಗಳನ್ನು ತೆಗೆದುಕೊಳ್ಳಿ. ಬೆಳೆದ ಗಿಡವಾದರೆ ಡೆಂಡ್ರೋಬಿಯಂನ ಗೆಣ್ಣು ಗೆಣ್ಣಾದ ದಂಟೇ ಹೇಳಿಬಿಡುತ್ತದೆ. ಬರೀ ಹೂವು ಕೈಗೆ ಬಂದರೆ ಮಗುಚಿ. ಡೆಂಡ್ರೋಬಿಯಂನಲ್ಲಿ ಕೆಳಗಿನ ಎರಡು ಹೊರ ಎಸಳು ಕಂಬದ ಬುಡಕ್ಕೆ ಕೂಡಿಕೊಂಡು ಗದ್ದದಂತೆ ಹಿಂದಕ್ಕೆ ಚಾಚಿರುತ್ತವೆ. ಫೆಲನೊಪ್ಸಿಸ್‌ನಲ್ಲಿ ಆ ಗದ್ದ ಎದ್ದು ಕಾಣದು. ಬಿಳಿಯ ದೊಡ್ಡ ಹೂವಿನ ತಳಿಗಳಲ್ಲಾದರೆ ತುಟಿಯ ತುದಿಗೆ ಎರಡು ಸಣ್ಣ ಮೀಸೆ ಇರುತ್ತವೆ. ಇನ್ನೂ ಅನುಮಾನವೇ? ಕಂಬದ ತುದಿಯ ಟೋಪಿಯನ್ನು ಸೂಜಿಯಿಂದ ಎತ್ತಿ. ಡೆಂಡ್ರೋಬಿಯಂನಲ್ಲಿ ಹಳದಿ ಪರಾಗದ ಉಂಡೆ ನಾಲ್ಕು, ತೊಟ್ಟಿಲ್ಲ. ಫೆಲನೊಪ್ಸಿಸ್‌ನಲ್ಲಿ ಎರಡೇ, ತೊಟ್ಟಿನ ಬುಡದ ಅಂಟು ಸೂಜಿಗೆ ಹಿಡಿದು ಬರುತ್ತದೆ. ಈ ಪರೀಕ್ಷೆ ಮಾರುವ ಹೂವಿನ ಮೇಲೆ ಬೇಡ: ಟೋಪಿ ಕಳಚಿದ ಹೂವು ಬೇಗ ಬಾಡುತ್ತದೆ. ಕೊಯ್ಲು, ಪ್ಯಾಕಿಂಗ್ ಮಾಡುವಾಗಲೂ ಕಂಬಕ್ಕೆ ಬೆರಳು ತಾಗದಂತೆ ನೋಡಿಕೊಳ್ಳಿ.

ಮಲೆನಾಡಿನ ಮರಗಳ ಮೇಲಿನ ಸೀತಾಳೆದಂಡೆಗೂ ಏರಿಡಿಸ್‌ಗೂ ಹೀಗೇ ಗೊಂದಲ. ಎರಡರಲ್ಲೂ ಉದ್ದ ಹೂಗೊಂಚಲು, ಬಿಳಿ-ಗುಲಾಬಿ ಬಣ್ಣ. ಸೀತಾಳೆದಂಡೆಯ ತುಟಿ ಇಡಿಯಾಗಿದ್ದು, ಬುಡದ ಚಪ್ಪಟೆ ಚೀಲ ಹಿಂದಕ್ಕೆ ಚಾಚಿರುತ್ತದೆ. ಏರಿಡಿಸ್‌ನ ತುಟಿ ಮೂರು ಹೋಳು, ಬುಡದ ಕೊಂಬು ಮುಂದಕ್ಕೆ ಬಾಗಿರುತ್ತದೆ. ನೋಡಿ ಬನ್ನಿ, ಆದರೆ ಕಾಡಿನಿಂದ ಕಿತ್ತು ತರಬೇಡಿ. ಅದು ಕಾನೂನಿನ ತೊಡಕೂ ಹೌದು, ತಂದ ಗಿಡ ಬದುಕುವುದೂ ಕಷ್ಟ.

ಮಾರುಕಟ್ಟೆಯ ‘ಸೋನಿಯಾ’ದಂಥವು ಮಿಶ್ರತಳಿಗಳು. ಅವುಗಳಲ್ಲಿ ಹೂವಿನ ರಚನೆ ಡೆಂಡ್ರೋಬಿಯಂ ಎಂಬಷ್ಟನ್ನು ತೋರಿಸಬಹುದು, ತಳಿಯ ಹೆಸರನ್ನಲ್ಲ. ಅದಕ್ಕೆ ಗಿಡ ಕೊಳ್ಳುವಾಗಲೇ ಚೀಟಿ ಕೇಳಿ ಪಡೆದು, ಕುಂಡಕ್ಕೆ ತಂತಿಯಿಂದ ಕಟ್ಟಿಬಿಡಿ.