ಬದುವಿಗೆ ಹೊನ್ನೆ: ಜೊಳ್ಳಲ್ಲದ ಕಾಯಿ, ವರ್ಷ ತುಂಬಿದ ಸಸಿ

ತೇಗ, ಬೀಟೆ ಬಿಟ್ಟರೆ ಬಾಗಿಲು, ಚೌಕಟ್ಟು, ಎತ್ತಿನ ಗಾಡಿಗೆ ನಮ್ಮ ಬಡಗಿಗಳು ಕೇಳುತ್ತಿದ್ದ ಮರ ಹೊನ್ನೆ. ತಿ. ನರಸೀಪುರ ತಾಲ್ಲೂಕಿನ ಮೂಗೂರಿನಿಂದ ಆಗ್ನೇಯಕ್ಕಿರುವ ಬಿಳಿಗಿರಿರಂಗನ ಬೆಟ್ಟದ ಎಲೆ ಉದುರುವ ಕಾಡಿನಲ್ಲಿ ಇದು ತಾನಾಗಿ ಬೆಳೆಯುತ್ತದೆ. ತೊಗಟೆಗೆ ಕತ್ತಿ ತಾಕಿದರೆ ಕೆಂಪು ಅಂಟು ಒಸರುತ್ತದೆ. ಇದರ ಕಟ್ಟಿಗೆಯ ಲೋಟದಲ್ಲಿ ರಾತ್ರಿ ನೀರಿಟ್ಟು ಸಕ್ಕರೆ ಕಾಯಿಲೆಗೆಂದು ಬೆಳಿಗ್ಗೆ ಕುಡಿಯುವವರಿದ್ದಾರೆ. ಕುಡಿಯಲಿ, ಆದರೆ ಅದನ್ನು ನಂಬಿ ಮಾತ್ರೆ ಬಿಡಬಾರದು. ಸುರಹೊನ್ನೆ ಬೇರೆಯೇ ಮರ. ಸಸಿ ಕೊಳ್ಳುವಾಗ ಎಚ್ಚರವಿರಲಿ.

ಹತ್ತು ವರ್ಷಕ್ಕೆ ಕೈಗೆ ಹಣ ಬರಬೇಕೆನ್ನುವವರು ಹೆಬ್ಬೇವು ಹಾಕುವುದೇ ಸರಿ. ಹೊನ್ನೆ ನಿಧಾನದ ಮರ. ಅದನ್ನು ಕಡಿಯುವುದು ಮಕ್ಕಳ ಕಾಲಕ್ಕೆ.

ಜಾಗದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹೊನ್ನೆಗೆ ಬಿಸಿಲು ಬೇಕು, ನೀರು ಬಸಿದುಹೋಗುವ ನೆಲ ಬೇಕು. ಕಬಿನಿ ನಾಲೆಯ ಕೆಳಗಿನ ಭತ್ತದ ಗದ್ದೆ, ನೀರು ನಿಲ್ಲುವ ಎರೆ ಭೂಮಿ ಎರಡೂ ಇದಕ್ಕೆ ಆಗಿಬರುವುದಿಲ್ಲ. ಏರು ಜಾಗದ ಕೆಂಪು ಮಣ್ಣಿನ ಹೊಲ, ಗೋಡು ಸೇರಿದ ಜಮೀನು ಒಳ್ಳೆಯದು. ವರ್ಷಕ್ಕೆ 750 ಮಿ.ಮೀ. ದಾಟಿ ಮಳೆ ಬೀಳುವ ಕಡೆ ಇದು ಚೆನ್ನಾಗಿ ಬರುತ್ತದೆ. ತಿ. ನರಸೀಪುರ, ನಂಜನಗೂಡಿನ ಬಯಲು ಆ ಗೆರೆಯ ಆಸುಪಾಸಿನಲ್ಲೇ ಇರುವುದರಿಂದ ಮೊದಲ ಎರಡು ಬೇಸಿಗೆಯಲ್ಲಿ ಕೈನೀರು ಕೊಡಲೇಬೇಕು. ಹಿಪ್ಪುನೇರಳೆ ತೋಟವಿದ್ದರೆ ಉತ್ತರದ ಬದುವಿನಲ್ಲಿ ನೆಡಿ. ವರ್ಷದ ಬಹುಪಾಲು ನೆರಳು ಆಚೆಗೆ ಬೀಳುತ್ತದೆ. ಆಚೆಯದು ಯಾರ ಹೊಲವೆಂದು ಮೊದಲು ನೋಡಿಕೊಳ್ಳಿ, ಬದುವಿನ ಜಗಳಕ್ಕೆ ಮರವೇ ಬೇಕೆಂದಿಲ್ಲ.

ಮುಂಗಾರು ಕಳೆಯುವ ಹೊತ್ತಿಗೆ ಹಳದಿ ಹೂ ಬಿಟ್ಟು, ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಯಿ ಒಣಗುತ್ತದೆ. ಚಪ್ಪಟೆ, ದುಂಡನೆಯ ಕಾಯಿ. ಸುತ್ತ ತೆಳು ರೆಕ್ಕೆ, ನಡುವಿನ ಉಬ್ಬಿನಲ್ಲಿ ಒಂದೋ ಎರಡೋ ಬೀಜ. ಹಿಮ ಬೀಳುವ ನಾಡಿನ ಮೇಪಲ್ ಮರಗಳಿಗೂ ರೆಕ್ಕೆಯ ಕಾಯಿಯೇ. ಅವುಗಳಲ್ಲಿ ಹಲವದರ ಬೀಜ ಮೊಳೆಯಬೇಕಾದರೆ ತಿಂಗಳುಗಟ್ಟಲೆ ತೇವದಲ್ಲಿ ಚಳಿ ಉಣ್ಣಬೇಕು. ಹೊನ್ನೆಗೆ ಚಳಿಯ ಹಂಗಿಲ್ಲ, ಅಡ್ಡಿಯಿರುವುದು ಗಟ್ಟಿ ಸಿಪ್ಪೆಯದು. ಬೀಜ ಬಿಡಿಸಲು ಹೋದರೆ ಹೆಚ್ಚಿನವು ಒಡೆದೇ ಹೋಗುತ್ತವೆ. ಹಾಗಾಗಿ ಕಾಯಿಯನ್ನೇ ಬಿತ್ತುವುದು ವಾಡಿಕೆ.

ನೆಲಕ್ಕೆ ಬಿದ್ದು ಹುಳು ಹೊಕ್ಕ ಕಾಯಿ ಬೇಡ. ನೆಟ್ಟಗೆ ಬೆಳೆದ, ವಯಸ್ಸಾದ ಮರದಲ್ಲಿ ಕಂದು ಬಣ್ಣಕ್ಕೆ ತಿರುಗಿದ ಕಾಯನ್ನು ಕೊಯ್ದು ಒಣಗಿಸಿ. ಒಂದಷ್ಟು ಕಾಯಿ ಕತ್ತರಿಸಿ ನೋಡಿ. ಒಳಗೆ ತಿರುಳು ತುಂಬಿಲ್ಲದಿದ್ದರೆ ಆ ಮರವನ್ನು ಬಿಟ್ಟುಬಿಡಿ. ಜೊಳ್ಳು ಕಾಯಿ ತಂದು ಮೊಳಕೆ ಬರಲಿಲ್ಲವೆಂದು ಮಡಿಯನ್ನು ಬೈಯುವವರೇ ಹೆಚ್ಚು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿಗೆ ಚೀಲ ಹಿಡಿದು ಹೋಗುವಂತಿಲ್ಲ. ಖಾಸಗಿ ಜಮೀನಿನ ಮರ ಹುಡುಕಿ, ಇಲ್ಲವೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಕೇಳಿ.

ಕತ್ತರಿಯಿಂದ ರೆಕ್ಕೆ ತೆಗೆದು, ಕಾಯನ್ನು ಎರಡು ದಿನ ತಣ್ಣೀರಲ್ಲಿ ನೆನೆಹಾಕಿ, ನಡುವೆ ನೀರು ಬದಲಿಸಿ. ಸಗಣಿ ಬಗ್ಗಡದಲ್ಲಿ ನೆನೆಸುವ ರೂಢಿಯೂ ಇದೆ. ಮರಳು ಬೆರೆಸಿದ ಮಡಿಯಲ್ಲಿ ಮಲಗಿಸಿ, ಮುಚ್ಚುವಷ್ಟೇ ಮಣ್ಣು ಉದುರಿಸಿ, ಮೇಲೆ ತೆಳುವಾಗಿ ಹುಲ್ಲು ಹರಡಿ. ಮೊಳಕೆ ಒಟ್ಟಿಗೆ ಏಳುವುದಿಲ್ಲ. ಕೆಲವು ಎರಡು ಮೂರು ವಾರಕ್ಕೆ, ಉಳಿದವು ಇನ್ನೂ ತಡವಾಗಿ ಬರುತ್ತವೆ. ಅವಸರಪಟ್ಟು ಮಡಿ ಕೆದಕಬೇಡಿ. ಮೊಳೆತ ಕೂಡಲೇ ಹುಲ್ಲು ತೆಗೆಯಿರಿ.

ಎರಡು ನಾಲ್ಕು ಎಲೆಯಾದಾಗ ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಚೀಲಕ್ಕೆ ಬದಲಿಸಿ. ತಾಯಿಬೇರು ಮಡಚಿಕೊಂಡರೆ ಸಸಿ ಮುಂದೆ ಏಳುವುದಿಲ್ಲ, ಕಡ್ಡಿಯಿಂದ ಆಳಕ್ಕೆ ರಂಧ್ರ ಮಾಡಿಯೇ ಇಳಿಸಿ. ಹಳೆಯ ಹೊನ್ನೆಯ ಬುಡದ ಮಣ್ಣು ಒಂದು ಹಿಡಿ ಸಿಕ್ಕರೆ ಬೆರೆಸಿ. ಇದು ತೊಗರಿ, ಹುರುಳಿಯ ಕುಟುಂಬದ ಮರ. ಬೇರಿನ ಗಂಟಿಗೆ ಬೇಕಾದ ಸೂಕ್ಷ್ಮಾಣು ಆ ಮಣ್ಣಿನಲ್ಲಿರುತ್ತದೆ.

ಅದೇ ಮಳೆಗಾಲಕ್ಕೆ ನೆಡುವ ಆಸೆ ಬೇಡ, ವರ್ಷ ತುಂಬಲಿ. ಒಂದೂವರೆ ಅಡಿ ಗುಣಿ ತೆಗೆದು, ಬದುವಾದರೆ 15ರಿಂದ 20 ಅಡಿಗೊಂದರಂತೆ, ನೆಲ ಚೆನ್ನಾಗಿ ನೆಂದ ಮೇಲೆ ನೆಡಿ. ಆಷಾಢದ ಗಾಳಿಗೆ ಊರೆಗೋಲು ಬೇಕು. ಹೊನ್ನೆ ಸೊಪ್ಪೆಂದರೆ ಮೇಕೆಗೆ ಪ್ರಾಣ. ಅದರ ಬಾಯಿಗೆ ಎಟುಕದಷ್ಟು ಬೆಳೆಯುವವರೆಗೆ ಮುಳ್ಳುಬೇಲಿ ತೆಗೆಯಬೇಡಿ.

ನೆಡುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ವಿಚಾರ ಕೇಳಿ. ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಯೋಜನೆಯದು. ಮಣ್ಣಿನ ಬಗ್ಗೆ ಅನುಮಾನವಿದ್ದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಮರ ನಿಮ್ಮದೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಸಸಿ ನಿಂತ ಮೇಲೆ ಪಹಣಿಯಲ್ಲಿ ಮರಗಳ ಲೆಕ್ಕ ಬರೆಸಿಟ್ಟರೆ ಮುಂದೆ ಅನುಮತಿ ಕೇಳುವಾಗ ಮಕ್ಕಳಿಗೆ ಅಲೆದಾಟ ತಪ್ಪುತ್ತದೆ.