ಸರಕು ವಾಹನಕ್ಕೆ ಟೈರು ಆರಿಸುವ ಬಗೆ: ಬಟನ್ ಒಂದನ್ನೇ ನೋಡಿದರೆ ಸಾಲದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವ್ಯಾಪಾರವು ತೆಂಗಿನ ಮರದ ಮೇಲೆ ನಿಂತಿದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ವ್ಯಾಪಾರವು ಚಲಿಸುವುದು ಟೈರಿನ ಮೇಲೆ. ತೋಟದಿಂದ ಮನೆಗೆ ಬರುವ ಕಾಯಿ, ಮನೆಯಿಂದ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗುವ ಉಂಡೆ ಕೊಬ್ಬರಿ, ನಾರಿನ ಕಾರ್ಖಾನೆಗೆ ಹೋಗುವ ಮಟ್ಟೆ, ಉತ್ತರ ಭಾರತಕ್ಕೆ ಹೊರಡುವ ಲೋಡು, ಇವೆಲ್ಲವೂ ನಾಲ್ಕು, ಆರು ಅಥವಾ ಹತ್ತು ಟೈರುಗಳನ್ನು ನಂಬಿ ಹೊರಡುತ್ತವೆ. ಹೀಗಿದ್ದರೂ ನಮ್ಮಲ್ಲಿ ಅನೇಕರು ಕೊಬ್ಬರಿಯನ್ನು ಪರೀಕ್ಷಿಸುವಷ್ಟು ಎಚ್ಚರಿಕೆಯಿಂದ ಟೈರನ್ನು ಪರೀಕ್ಷಿಸುವುದಿಲ್ಲ. ಈ ಲೇಖನದ ಉದ್ದೇಶವು ಆ ಪರೀಕ್ಷೆಯ ಕ್ರಮವನ್ನು ಸರಳವಾಗಿ ತಿಳಿಸುವುದು.

ಮೊದಲಿಗೆ ಸ್ವಂತ ಅನುಭವವೊಂದನ್ನು ಹೇಳುವುದು ಉಚಿತ. ಕೆಲವು ವರ್ಷಗಳ ಹಿಂದೆ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಸಣ್ಣ ಲಾರಿಯು ಕಾಯಿ ತುಂಬಿಕೊಂಡು ಕಿಬ್ಬನಹಳ್ಳಿ ಕ್ರಾಸ್ ದಾಟಿ ತುರುವೇಕೆರೆ ಕಡೆಗೆ ಸಾಗುತ್ತಿತ್ತು. ಮುಂದಿನ ಎಡಗಡೆಯ ಟೈರು ಸಿಡಿದು ವಾಹನವು ರಸ್ತೆಯ ಪಕ್ಕದ ಹಳ್ಳಕ್ಕೆ ಇಳಿಯಿತು. ಕಾಯಿ ಚೆಲ್ಲಿದ್ದು ದೊಡ್ಡ ನಷ್ಟವಲ್ಲ. ಚಾಲಕನ ಭುಜದ ಮೂಳೆ ಮುರಿದು ಮೂರು ತಿಂಗಳು ಆತ ಮನೆಯಲ್ಲಿ ಕುಳಿತದ್ದು ನಷ್ಟ. ಸಿಡಿದ ಟೈರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಟನ್ ಉಳಿದಿತ್ತು. ಬಹುಕಾಲ ಸ್ಟೆಪ್ನಿಯಾಗಿದ್ದ ಅದನ್ನು ‘ಹೊಸದರಂತಿದೆ’ ಎಂದು ಮುಂದಕ್ಕೆ ಹಾಕಿಸಿದವನು ನಾನೇ. ಅದರ ಪಕ್ಕೆಯ ಮೇಲಿದ್ದ ತಯಾರಿಕೆಯ ದಿನಾಂಕವನ್ನು ನಾನು ಓದಿದ್ದು ಅಪಘಾತವಾದ ಮೇಲೆ. ಆ ಟೈರಿಗೆ ಒಂಬತ್ತು ವರ್ಷ ತುಂಬಿತ್ತು.

1. ಟೈರಿನ ಅಂತ್ಯ ಎರಡು ಬಗೆ

ಟೈರು ಎರಡು ರೀತಿಯಲ್ಲಿ ಕೊನೆಗಾಣುತ್ತದೆ. ಒಂದು, ಓಡಿ ಸವೆಯುವುದು. ಇನ್ನೊಂದು, ನಿಂತಲ್ಲೇ ಮುದಿಯಾಗುವುದು. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಮತ್ತು ಶಾಖಗಳು ರಬ್ಬರನ್ನು ಕ್ರಮೇಣ ಗಡಸುಗೊಳಿಸುತ್ತವೆ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸುತ್ತವೆ. ಒಳಗಿನ ಪದರಗಳ ನಡುವಣ ಹಿಡಿತ ಸಡಿಲವಾಗುತ್ತದೆ. ಇದು ಹೊರಗಿನಿಂದ ಸುಲಭವಾಗಿ ಕಾಣುವ ದೋಷವಲ್ಲ.

ಆದ್ದರಿಂದ ಟೈರು ಕೊಳ್ಳುವ ಮೊದಲು ವರ್ತಕನು ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನನ್ನ ವಾಹನದ ಟೈರು ಸವೆದು ಮುಗಿಯುವುದೋ, ಮುದಿಯಾಗಿ ಮುಗಿಯುವುದೋ? ದೂರದ ಊರಿಗೆ ವರ್ಷವಿಡೀ ಓಡುವ ಲಾರಿಯದು ಮೊದಲನೆಯ ಬಗೆ. ಕಾಯಿ ಕೀಳಿಸಿದ ದಿನ ಮಾತ್ರ ಹೊರಬರುವ ತೋಟದ ಟ್ರೈಲರ್, ಮಾರುಕಟ್ಟೆಯ ದಿನಗಳಲ್ಲಷ್ಟೇ ಓಡುವ ಸಣ್ಣ ಲಾರಿ, ಮನೆಯ ಮುಂದೆ ಪ್ರೀತಿಯಿಂದ ಉಳಿಸಿಕೊಂಡಿರುವ ಹಳೆಯ ಕಾರು, ಇವೆಲ್ಲ ಎರಡನೆಯ ಬಗೆ. ನಮ್ಮ ಭಾಗದ ಬಹುಪಾಲು ವಾಹನಗಳು ಎರಡನೆಯ ಬಗೆಗೆ ಸೇರಿದವು. ನಾವು ಟೈರು ಕೊಳ್ಳುವುದು ಮಾತ್ರ ಮೊದಲನೆಯ ಬಗೆಯ ಲೆಕ್ಕದಲ್ಲಿ.

ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿ ಉಂಡೆ ಕೊಬ್ಬರಿಯಾಗಿ ಬೆಲೆ ಪಡೆಯುತ್ತದೆ. ಅದೇ ಅಟ್ಟದ ಮೇಲೆ ಇಟ್ಟ ಟೈರು ದಿನದಿಂದ ದಿನಕ್ಕೆ ಬೆಲೆ ಕಳೆದುಕೊಳ್ಳುತ್ತದೆ. ‘ಇರಲಿ, ಮುಂದೆ ಬೇಕಾದೀತು’ ಎಂದು ಅಗ್ಗದಲ್ಲಿ ಸಿಕ್ಕ ಟೈರನ್ನು ಶೇಖರಿಸಿಡುವುದು ಲಾಭದ ಕ್ರಮವಲ್ಲ.

2. ದಿನಾಂಕವನ್ನು ಓದುವ ಕ್ರಮ

ಟೈರಿನ ಪಕ್ಕೆಯ ಮೇಲೆ, ಸಾಮಾನ್ಯವಾಗಿ ಅಂಡಾಕಾರದ ಚೌಕಟ್ಟಿನೊಳಗೆ, ನಾಲ್ಕು ಅಂಕೆಗಳಿರುತ್ತವೆ. ಮೊದಲ ಎರಡು ಅಂಕೆಗಳು ವಾರವನ್ನೂ ಕೊನೆಯ ಎರಡು ಅಂಕೆಗಳು ವರ್ಷವನ್ನೂ ಸೂಚಿಸುತ್ತವೆ. 3219 ಎಂದಿದ್ದರೆ ಅದು 2019ನೆಯ ಇಸವಿಯ 32ನೆಯ ವಾರದಲ್ಲಿ, ಎಂದರೆ ಆಗಸ್ಟ್ ತಿಂಗಳಿನಲ್ಲಿ ತಯಾರಾದ ಟೈರು. ಈ ನಾಲ್ಕು ಅಂಕೆಯ ಪದ್ಧತಿ ಬಂದದ್ದು 2000ದಲ್ಲಿ. ಮೂರೇ ಅಂಕೆಗಳಿದ್ದರೆ ಅದು ಹಿಂದಿನ ಶತಮಾನದ ಟೈರು; ಅದನ್ನು ರಸ್ತೆಗೆ ಇಳಿಸಬಾರದು. ದಿನಾಂಕವು ಅನೇಕ ವೇಳೆ ಒಂದು ಪಕ್ಕೆಯ ಮೇಲಷ್ಟೇ ಇರುವುದರಿಂದ ಒಳಬದಿಯನ್ನೂ ನೋಡಬೇಕು.

ಐದು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ತಜ್ಞರಿಂದ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷವಾದರೆ ಬಟನ್ ಎಷ್ಟೇ ಇರಲಿ ತೆಗೆದುಹಾಕಬೇಕು ಎಂಬುದು ಹೆಸರಾಂತ ತಯಾರಕರು ನೀಡುವ ಸಲಹೆ. ಸ್ಟೆಪ್ನಿಗೂ ಈ ಮಾತು ಅನ್ವಯಿಸುತ್ತದೆ.

ಇದು ಅತಿಯಾದ ಎಚ್ಚರಿಕೆಯೆಂದು ತೋರಬಹುದು. 2012ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ಸಂಗೀತೋತ್ಸವದಿಂದ ಹಿಂದಿರುಗುತ್ತಿದ್ದ ಬಸ್ಸೊಂದರ ಮುಂದಿನ ಟೈರು ಸಿಡಿದು ಚಾಲಕನೂ ಇಬ್ಬರು ಯುವ ಪ್ರಯಾಣಿಕರೂ ಮೃತಪಟ್ಟರು. ಆ ಟೈರಿನ ವಯಸ್ಸು 19 ವರ್ಷಕ್ಕೂ ಹೆಚ್ಚಾಗಿತ್ತು. ಮೃತ ಯುವಕನೊಬ್ಬನ ತಾಯಿ ನಡೆಸಿದ ದೀರ್ಘ ಪ್ರಯತ್ನದ ತರುವಾಯ, 2021ರ ಫೆಬ್ರವರಿಯಿಂದ ಬ್ರಿಟನ್ನಿನಲ್ಲಿ ಲಾರಿ ಮತ್ತು ಬಸ್ಸುಗಳ ಮುಂದಿನ ಅಚ್ಚಿಗೆ ಹತ್ತು ವರ್ಷ ಮೀರಿದ ಟೈರು ಹಾಕುವುದು ನಿಷೇಧಿಸಲ್ಪಟ್ಟಿತು.

3. ಹೊರೆಯ ಲೆಕ್ಕ

ಪಕ್ಕೆಯ ಮೇಲಿನ ಬರಹದಲ್ಲಿ ದಿನಾಂಕದ ನಂತರ ಮುಖ್ಯವಾದದ್ದು ಹೊರೆಯ ಸೂಚ್ಯಂಕ. ಇದು ನೇರವಾಗಿ ಕಿಲೋ ಅಲ್ಲ, ಸಂಕೇತದ ಸಂಖ್ಯೆ. 80 ಎಂದರೆ ಒಂದು ಟೈರು ಹೊರಬಲ್ಲದ್ದು 450 ಕಿಲೋ. 90 ಎಂದರೆ 600. 100 ಎಂದರೆ 800. 121 ಎಂದರೆ 1,450 ಕಿಲೋ. ಜೋಡಿ ಚಕ್ರ ಹಾಕುವ ಟೈರಿನ ಮೇಲೆ 146/143 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಒಂಟಿಯಾಗಿ ಹಾಕಿದಾಗ, ಎರಡನೆಯದು ಜೋಡಿಯಾಗಿ ಹಾಕಿದಾಗ. ಮುಂದಿರುವ ಇಂಗ್ಲಿಷ್ ಅಕ್ಷರವು ವೇಗದ ಮಿತಿ: ಜೆ ಎಂದರೆ ಗಂಟೆಗೆ 100 ಕಿ.ಮೀ., ಕೆ ಎಂದರೆ 110, ಎಲ್ ಎಂದರೆ 120. ಟ್ರ್ಯಾಕ್ಟರ್ ಟೈರಿನಲ್ಲಿ ಕಾಣುವ ಎ6 ಎಂಬುದು 30 ಕಿ.ಮೀ., ಎ8 ಎಂಬುದು 40 ಕಿ.ಮೀ. ಇಂಥ ಟೈರಿನ ವಾಹನವನ್ನು ಹೆದ್ದಾರಿಯಲ್ಲಿ ಲಾರಿಯ ವೇಗಕ್ಕೆ ಓಡಿಸುವುದು ಸಲ್ಲದು.

ಈಗ ಒಂದು ಲೆಕ್ಕ ಮಾಡೋಣ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರುಗಳ ಒಂಟಿ ಅಚ್ಚಿನ ಗರಿಷ್ಠ ತೂಕವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. 10.00 ಆರ್ 20 ಅಳತೆಯ, 146/143 ಕೆ ಸೂಚ್ಯಂಕದ ಟೈರನ್ನು ಹಿಂದಿನ ಅಚ್ಚಿಗೆ ಹಾಕಿದ್ದೇವೆನ್ನಿ. 143 ಎಂದರೆ 2,725 ಕಿಲೋ. ನಾಲ್ಕು ಟೈರಿಗೆ 10,900 ಕಿಲೋ. ಹಳೆಯ ಮಿತಿಗೆ ಇದು ಸಾಕಾಗಿತ್ತು. ಹೊಸ ಮಿತಿಗೆ 600 ಕಿಲೋ ಕಡಿಮೆ. ಅದೇ ಅಳತೆಯಲ್ಲಿ 149/146 ಸೂಚ್ಯಂಕದ ಟೈರಾದರೆ 146ಕ್ಕೆ 3,000 ಕಿಲೋ, ನಾಲ್ಕಕ್ಕೆ 12,000 ಕಿಲೋ. ಕಾನೂನು ಮಿತಿಯನ್ನು ಏರಿಸಿದ ಮಾತ್ರಕ್ಕೆ ಅಂಗಳದಲ್ಲಿ ನಿಂತಿರುವ ಲಾರಿಯ ಟೈರಿಗೆ ಬಲ ಬರಲಿಲ್ಲ ಎಂಬುದನ್ನು ಗಮನಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 58ನೆಯ ಪ್ರಕರಣವು ಟೈರುಗಳ ಸಂಖ್ಯೆ, ಬಗೆ ಮತ್ತು ಗಾತ್ರವನ್ನು ಗಮನದಲ್ಲಿಟ್ಟುಕೊಂಡೇ ವಾಹನದ ಗರಿಷ್ಠ ತೂಕವನ್ನು ಗೊತ್ತುಪಡಿಸಲು ಹೇಳುತ್ತದೆ. ನಿಮ್ಮ ಆರ್.ಸಿ.ಯಲ್ಲಿ ನಮೂದಾಗಿರುವ ತೂಕವೇ ನಿಮಗೆ ಅನ್ವಯಿಸುವ ಮಿತಿ.

ಸರಕಿನ ಸ್ವಭಾವವನ್ನೂ ನೋಡಬೇಕು. ಒಣ ನಾರು ಗಾತ್ರದಲ್ಲಿ ಬೆಟ್ಟದಂತಿದ್ದರೂ ತೂಕದಲ್ಲಿ ಹಗುರ. ಎಳನೀರು ಮತ್ತು ಹಸಿ ಮಟ್ಟೆ ಹಾಗಲ್ಲ; ಮಳೆಯಲ್ಲಿ ನೆನೆದ ಮಟ್ಟೆಯ ಲೋಡು ಒಣಗಿದ ಲೋಡಿಗಿಂತ ಬಹಳ ಭಾರ. ಕಣ್ಣಂದಾಜನ್ನು ನಂಬದೆ, ಪ್ರತಿಯೊಂದು ಬಗೆಯ ಸರಕನ್ನು ತುಂಬಿದಾಗ ಒಮ್ಮೆಯಾದರೂ ವೇಬ್ರಿಡ್ಜಿನಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚುಗಳನ್ನು ಪ್ರತ್ಯೇಕವಾಗಿ ತೂಗಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

4. ನೈಲಾನೋ, ರೇಡಿಯಲ್ಲೋ?

ಮಣ್ಣಿನ ದಾರಿ, ಕಲ್ಲು, ಜಾಲಿ ಮುಳ್ಳು, ಕಡಿಮೆ ವೇಗ: ಇಂಥ ಕಡೆ ದಪ್ಪ ಪಕ್ಕೆಯ ನೈಲಾನ್ ಟೈರು ಇಂದಿಗೂ ಉಪಯುಕ್ತ, ದುರಸ್ತಿಯೂ ಸುಲಭ. ತಿಪಟೂರಿನ ಮೂಲಕ ಹಾದುಹೋಗುವ 73ನೆಯ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆಗಳಲ್ಲಿ ದೀರ್ಘ ದೂರ ಓಡುವ ವಾಹನಕ್ಕೆ ರೇಡಿಯಲ್ ಮೇಲು. ಅದು ಕಡಿಮೆ ಬಿಸಿಯಾಗುತ್ತದೆ, ನಿಧಾನವಾಗಿ ಸವೆಯುತ್ತದೆ, ಡೀಸೆಲ್ಲನ್ನೂ ಉಳಿಸುತ್ತದೆ. ಆದರೆ ಅದರ ಪಕ್ಕೆ ತೆಳು. ಚೂಪು ಕಲ್ಲಿನ ಏಟನ್ನು ಅಷ್ಟಾಗಿ ತಾಳದು.

ಒಂದೇ ಅಚ್ಚಿನಲ್ಲಿ ನೈಲಾನ್ ಮತ್ತು ರೇಡಿಯಲ್ ಟೈರುಗಳನ್ನು ಬೆರೆಸಲೇಬಾರದು. ಜೋಡಿ ಚಕ್ರದಲ್ಲಿ ಹೊಸತನ್ನೂ ಸವೆದದ್ದನ್ನೂ ಕೂಡಿಸಿದರೆ ಎತ್ತರದ ಟೈರೇ ಹೆಚ್ಚಿನ ಹೊರೆ ಹೊತ್ತು ಬೇಗ ಹಾಳಾಗುತ್ತದೆ. ನೇರ ಗೆರೆಗಳ ರಿಬ್ ಮಾದರಿ ಮುಂದಕ್ಕೆ, ಅಡ್ಡ ಗಟ್ಟಿಗಳ ಲಗ್ ಮಾದರಿ ಎಳೆಯುವ ಅಚ್ಚಿಗೆ ಎಂಬುದು ಸಾಮಾನ್ಯ ಕ್ರಮ. ರೀಟ್ರೆಡ್ ಮಾಡಿಸಿದ ಟೈರನ್ನು ಮುಂದಿನ ಅಚ್ಚಿಗೆ ಹಾಕದಿರುವುದು ಕ್ಷೇಮ. ಎತ್ತಿನ ಗಾಡಿಗೆಂದು ಎ.ಡಿ.ವಿ. ಗುರುತಿನೊಡನೆ ತಯಾರಾದ ಟೈರನ್ನು ಟ್ರ್ಯಾಕ್ಟರ್ ಟ್ರೈಲರಿಗೆ ಬಳಸಬಾರದು.

5. ಹಳೆಯ ಕಾರುಗಳ ವಿಷಯ

ನಮ್ಮ ಕೆಲವು ವರ್ತಕ ಮನೆತನಗಳಲ್ಲಿ ಹಿರಿಯರ ಕಾಲದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳು ಇಂದಿಗೂ ಇವೆ. ಅಂಬಾಸಡರಿನ ಮೂಲ ಅಳತೆ 5.90-15, ಪದ್ಮಿನಿಯದು 5.20-14. ಈ ಇಂಚಿನ ಅಳತೆಗಳಿಗೆ ಬದಲಾಗಿ ಇಂದಿನ ರೇಡಿಯಲ್ ಹಾಕುವಾಗ ರಿಮ್ಮಿನ ವ್ಯಾಸ, ರಿಮ್ಮಿನ ಅಗಲ, ಟೈರಿನ ಒಟ್ಟು ಎತ್ತರ ಮತ್ತು ಹೊರೆಯ ಸೂಚ್ಯಂಕ ಈ ನಾಲ್ಕೂ ಹೊಂದಬೇಕು. ಎತ್ತರದ ಲೆಕ್ಕ ಸುಲಭ. 165/80 ಆರ್ 14 ಎಂದರೆ ಅಗಲ 165 ಮಿ.ಮೀ.; ಪಕ್ಕೆಯ ಎತ್ತರ ಅದರ ಶೇ. 80, ಎಂದರೆ 132 ಮಿ.ಮೀ. ಮೇಲೂ ಕೆಳಗೂ ಸೇರಿ 264. 14 ಇಂಚಿನ ರಿಮ್ಮಿಗೆ 356. ಒಟ್ಟು 620 ಮಿ.ಮೀ. ಹಳೆಯ ಟೈರಿನ ಎತ್ತರಕ್ಕೂ ಇದಕ್ಕೂ ಹೆಚ್ಚು ಅಂತರವಿದ್ದರೆ ವೇಗಸೂಚಿಯು ತಪ್ಪು ತೋರಿಸುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವುದೂ ಉಂಟು. ಅಗಲವಾದ ಟೈರು ನೋಡಲು ಚೆಂದವೆಂಬ ಒಂದೇ ಕಾರಣಕ್ಕೆ ಹಾಕಿಸಬಾರದು. ವರ್ಷಕ್ಕೆ ನಾಲ್ಕು ಬಾರಿ, ಮದುವೆಗೋ ಜಾತ್ರೆಗೋ ಹೊರಡುವ ಇಂಥ ಕಾರಿನಲ್ಲಿ ಬಟನ್ ಎಂದಿಗೂ ಸವೆಯದು. ದಿನಾಂಕವನ್ನು ನೋಡದೆ ಮೊಮ್ಮಕ್ಕಳನ್ನು ಅದರಲ್ಲಿ ಕೂರಿಸುವುದು ಬೇಡ.

6. ಬೆಲೆಯ ಲೆಕ್ಕ

ಟೈರಿನ ಬೆಲೆಯನ್ನು ಅದು ಓಡುವ ಕಿಲೋಮೀಟರಿನಿಂದ ಭಾಗಿಸಿ ನೋಡುವುದು ರೂಢಿ. ಲೆಕ್ಕಕ್ಕಾಗಿ, 18,000 ರೂಪಾಯಿಯ ಟೈರು 60,000 ಕಿ.ಮೀ. ಓಡಿದರೆ ಕಿಲೋಮೀಟರಿಗೆ 30 ಪೈಸೆ. 24,000 ರೂಪಾಯಿಯದು 1,00,000 ಕಿ.ಮೀ. ಓಡಿದರೆ 24 ಪೈಸೆ. ದೂರದ ಲಾರಿಗೆ ಎರಡನೆಯದೇ ಅಗ್ಗ. ಆದರೆ ವರ್ಷಕ್ಕೆ 6,000 ಕಿ.ಮೀ. ಮಾತ್ರ ಓಡುವ ವಾಹನಕ್ಕೆ ಈ ಲೆಕ್ಕ ತಲೆಕೆಳಗಾಗುತ್ತದೆ. ಹತ್ತು ವರ್ಷ ಇಟ್ಟುಕೊಂಡರೂ ಅದು 60,000 ಕಿ.ಮೀ. ದಾಟದು, ಉಳಿದ 40,000 ಕಿ.ಮೀ.ಗೆ ಕೊಟ್ಟ ಹಣ ವ್ಯರ್ಥ. ಇಂಥ ವಾಹನಕ್ಕೆ ಸರಿಯಾದ ಹೊರೆಯ ಸೂಚ್ಯಂಕವುಳ್ಳ, ಇತ್ತೀಚೆಗೆ ತಯಾರಾದ, ಸಾಧಾರಣ ಬೆಲೆಯ ಹೊಸ ಟೈರನ್ನು ಕೊಂಡು ಕಾಲಕ್ಕೆ ಸರಿಯಾಗಿ ಬದಲಿಸುವುದೇ ಮಿತವ್ಯಯ.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ.ಯನ್ನು ಶೇ. 28ರಿಂದ 18ಕ್ಕೆ, ಟ್ರ್ಯಾಕ್ಟರ್ ಟೈರುಗಳ ಮೇಲಿನದನ್ನು ಶೇ. 18ರಿಂದ 5ಕ್ಕೆ ಇಳಿಸಲಾಗಿದೆ. ನೋಂದಾಯಿತ ವರ್ತಕರು ಬಿಲ್ಲನ್ನು ತಪ್ಪದೆ ಪಡೆಯಬೇಕು. ವಾರಂಟಿಗೂ ಸರಕು ವಾಹನದ ಟೈರಿನ ಮೇಲಿನ ಹುಟ್ಟುವಳಿ ತೆರಿಗೆ ಜಮೆಗೂ ಅದೇ ಆಧಾರ.

7. ಕೊಳ್ಳುವಾಗ ಮತ್ತು ಬಳಸುವಾಗ

(ಅ) ವಾಹನದ ಕೈಪಿಡಿಯಲ್ಲಿ ಸೂಚಿಸಿದ ಅಳತೆ, ಹೊರೆ ಮತ್ತು ವೇಗದ ಸೂಚ್ಯಂಕಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

(ಆ) ಐ.ಎಸ್.ಐ. ಗುರುತು ಇದೆಯೇ ನೋಡಿ. 2009ರ ಗುಣಮಟ್ಟ ನಿಯಂತ್ರಣ ಆದೇಶವು ವಾಹನ ಟೈರುಗಳಿಗೆ ಇದನ್ನು ಕಡ್ಡಾಯಗೊಳಿಸಿತು.

(ಇ) ದಿನಾಂಕವನ್ನು ನೀವೇ ಓದಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

(ಈ) ಗಾಳಿಯನ್ನು ಟೈರು ತಣ್ಣಗಿರುವಾಗ, ಬೆಳಗ್ಗೆ ಹೊರಡುವ ಮುನ್ನ ಪರೀಕ್ಷಿಸಿ. ಬಿಸಿಯಾದ ಟೈರಿನಿಂದ ಗಾಳಿ ಬಿಡಬೇಡಿ. ಕಡಿಮೆ ಗಾಳಿ, ಹೆಚ್ಚು ಹೊರೆ, ಹೆಚ್ಚು ವೇಗ ಮೂರೂ ಕೂಡಿದಾಗ ಟೈರು ಒಳಗೇ ಬೆಂದು ಸಿಡಿಯುತ್ತದೆ.

(ಉ) ನಾಲ್ಕು ಚಕ್ರ ಮತ್ತು ಮೇಲ್ಪಟ್ಟ ವಾಹನಗಳಲ್ಲಿ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಿರಬಾರದೆಂಬುದು ನಿಯಮ. ಗೆರೆಗಳ ತಳದಲ್ಲಿರುವ ಸಣ್ಣ ಅಡ್ಡಗಟ್ಟುಗಳು ಬಟನ್ನಿನ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿತೆಂದು ತಿಳಿಯಿರಿ.

(ಊ) ಬಿಡಿ ಟೈರನ್ನು ಬಿಸಿಲು, ಎಣ್ಣೆ, ಡೀಸೆಲ್, ವೆಲ್ಡಿಂಗ್ ಮತ್ತು ವಿದ್ಯುತ್ ಮೋಟಾರುಗಳಿಂದ ದೂರವಿಡಿ. ಬಹುದಿನ ನಿಲ್ಲುವ ವಾಹನವನ್ನು ಆಗಾಗ ಸ್ವಲ್ಪ ಮುಂದಕ್ಕೆ ಹಿಂದಕ್ಕೆ ಚಲಿಸಿ.

ಕೊಬ್ಬರಿಯ ಉಂಡೆಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಸ್ಥಿತಿಯನ್ನು ಹೇಳಬಲ್ಲವರು ನಮ್ಮ ವರ್ತಕರು. ಟೈರಿನ ಒಳಗನ್ನು ಹಾಗೆ ಕೇಳಲು ಬಾರದು. ಅದಕ್ಕಾಗಿಯೇ ತಯಾರಕನು ಅದರ ವಯಸ್ಸನ್ನೂ ಬಲವನ್ನೂ ಪಕ್ಕೆಯ ಮೇಲೆ ಅಚ್ಚೊತ್ತಿದ್ದಾನೆ. ಈ ಸಂಚಿಕೆಯನ್ನು ಓದಿ ಮುಗಿಸಿದ ಸದಸ್ಯರು ಇಂದೇ ತಮ್ಮ ವಾಹನದ ಬಳಿಗೆ ಹೋಗಿ, ಸ್ಟೆಪ್ನಿಯೂ ಸೇರಿದಂತೆ ಎಲ್ಲ ಟೈರುಗಳ ನಾಲ್ಕಂಕೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ವಿನಂತಿ. ಹತ್ತು ನಿಮಿಷದ ಕೆಲಸ. ನಾವು ನಂಬಿ ಕಳುಹಿಸುವ ಚಾಲಕನು ಸಂಜೆಗೆ ಕ್ಷೇಮವಾಗಿ ಮನೆ ಸೇರುವುದು ಅದರ ಮೇಲೆ ನಿಂತಿರಬಹುದು.