ಪರೀಕ್ಷೆ ಮುಗಿದ ಮೇಲೆ ಎಷ್ಟು ಉಳಿಯುತ್ತದೆ?



ನಮ್ಮಲ್ಲಿ ಹಲವರ ಮಕ್ಕಳು ಮೆಡಿಕಲ್ ಓದುತ್ತಿದ್ದಾರೆ, ಇಲ್ಲವೇ ಓದುವ ಕನಸು ಕಾಣುತ್ತಿದ್ದಾರೆ. ಹಾಗಾಗಿ ಈ ಸಲದ ಪಾಠ ಒಂದೇ ಪ್ರಶ್ನೆಯ ಬಗ್ಗೆ: ಪರೀಕ್ಷೆಗೆಂದು ಓದಿದ್ದು ತಲೆಯಲ್ಲಿ ಎಷ್ಟು ಕಾಲ ಉಳಿಯುತ್ತದೆ? ಅದನ್ನು ಅಳೆಯುವುದು ಹೇಗೆ? ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಆದರೆ ಅಳತೆಯ ಮಾತು ಬಂದರೆ ಸುಮ್ಮನಿರಲಾರೆ!

1. ತೊಂದರೆ ಏನು?
ಮರೆವು ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಆಗುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದರು. ಕಲಿತದ್ದರಲ್ಲಿ ಒಂದು ವರ್ಷದ ನಂತರ ಸುಮಾರು ಮೂರರಲ್ಲಿ ಎರಡು ಪಾಲಿನಿಂದ ಮುಕ್ಕಾಲು ಪಾಲು, ಎರಡನೇ ವರ್ಷದ ಕೊನೆಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉಳಿಯುತ್ತದೆ ಎಂದು 2010ರ ಒಂದು ಸಮೀಕ್ಷೆ ಹೇಳಿತು. ಅಂದರೆ ಫೈನಲ್ ಪರೀಕ್ಷೆಯ ಅಂಕ ಆ ದಿನದ ಅಳತೆ ಮಾತ್ರ. ರೋಗಿ ಎದುರಿಗೆ ಕೂರುವುದು ವರ್ಷಗಳ ನಂತರ!

2. ಅಳೆಯುವುದು ಹೇಗೆ?
ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯ 1970ರ ದಶಕದಲ್ಲಿ ಒಂದು ಜಾಣ ಉಪಾಯ ಮಾಡಿತು. ಮೊದಲ ವರ್ಷದವರಿಂದ ಕೊನೆಯ ವರ್ಷದವರ ತನಕ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ವರ್ಷಕ್ಕೆ ನಾಲ್ಕು ಸಲ. ಪ್ರಶ್ನೆಗಳು ಡಾಕ್ಟರಾಗಿ ಹೊರಬರುವವರ ಮಟ್ಟದವು, ಇಡೀ ವೈದ್ಯಶಾಸ್ತ್ರದಿಂದ ಆಯ್ದವು. ಹಿಂದಿನ ರಾತ್ರಿ ಉರುಹೊಡೆದು ಪ್ರಯೋಜನವಿಲ್ಲ. ಪ್ರತಿ ವಿದ್ಯಾರ್ಥಿಯ ಗ್ರಾಫ್ ಏರುತ್ತಿದೆಯೋ, ಜಾರುತ್ತಿದೆಯೋ ಕಾಣುತ್ತದೆ. ಇದಕ್ಕೆ ಪ್ರೋಗ್ರೆಸ್ ಟೆಸ್ಟ್ ಎಂದು ಹೆಸರು. ನಾವೂ ಪ್ರತಿ ರಿಲೀಸ್‌ಗೆ ಮುಂಚೆ ಹಳೆಯ ಟೆಸ್ಟ್‌ಗಳನ್ನೆಲ್ಲ ಮತ್ತೆ ಓಡಿಸುತ್ತೇವಲ್ಲ, ಹಾಗೆಯೇ.

ಇನ್ನೊಂದು ವಿಶೇಷ: ಆ ಪರೀಕ್ಷೆಯಲ್ಲಿ "ಗೊತ್ತಿಲ್ಲ" ಎಂದು ಉತ್ತರಿಸಬಹುದಿತ್ತು. ಅದಕ್ಕೆ ಸೊನ್ನೆ ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತ. ಗೊತ್ತಿಲ್ಲದ್ದನ್ನು ಊಹಿಸುವ ಡಾಕ್ಟರಿಗಿಂತ, ಗೊತ್ತಿಲ್ಲ ಎಂದು ಪುಸ್ತಕ ತೆಗೆಯುವ ಡಾಕ್ಟರ್ ಮೇಲಲ್ಲವೇ?

3. ಅಳೆದರೆ ಲಾಭವೇನು?
2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಕಿರಿಯ ವೈದ್ಯರಿಗೆ ಎರಡು ವಿಷಯ ಕಲಿಸಿದರು. ಪಾಠದ ನಂತರ ಒಂದು ವಿಷಯದಲ್ಲಿ ಮೂರು ಸಲ ಪರೀಕ್ಷೆ ಕೊಟ್ಟರು, ಇನ್ನೊಂದನ್ನು ಮೂರು ಸಲ ಓದಿಸಿದರು. ಆರು ತಿಂಗಳ ನಂತರ ನೋಡಿದರೆ, ಪರೀಕ್ಷೆ ಬರೆದ ವಿಷಯದಲ್ಲಿ ಶೇ. 39, ಬರೀ ಓದಿದ್ದರಲ್ಲಿ ಶೇ. 26! ನೆನಪನ್ನು ಅಳೆಯುವ ಕೆಲಸವೇ ನೆನಪನ್ನು ಗಟ್ಟಿ ಮಾಡುತ್ತದೆ.

ಮನೆಗೆಲಸ:
ಅ) ಮಕ್ಕಳು ಪಾಠವನ್ನು ಮತ್ತೆ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ಉತ್ತರ ಹೇಳಲಿ. ಎರಡು ವಾರ ಬಿಟ್ಟು ಮತ್ತೆ ಕೇಳಿ.
ಆ) ನೀವು ಸಿಪಿಆರ್ ಕಲಿತಿದ್ದೀರಾ? ಆ ಕೌಶಲ ಕೆಲವೇ ತಿಂಗಳಲ್ಲಿ ಸವೆಯುತ್ತದೆ, ಸರ್ಟಿಫಿಕೇಟ್ ಮಾತ್ರ ಗೋಡೆಯ ಮೇಲೆ ಹೊಸದಾಗಿಯೇ ಇರುತ್ತದೆ. ಈ ವಾರಾಂತ್ಯ ಮನೆಯವರೆಲ್ಲ ಸೇರಿ ಒಮ್ಮೆ ಅಭ್ಯಾಸ ಮಾಡಿ ನೋಡಿ.